ಮಗುವಿನ ಪರವಾಗಿ ಹಾಕುವ ಸಹಿ

ಬೆಂಗಳೂರಿನ ತ್ಯಾಗರಾಜನಗರದಲ್ಲಿ ಅಜ್ಜ ಕಟ್ಟಿಸಿದ ಮನೆಯನ್ನು ಬಿಲ್ಡರ್‌ಗೆ ಕೊಡಬೇಕೆಂದರೆ ಎಷ್ಟು ಜನರ ಸಹಿ ಬೇಕೆಂಬುದು ಇಲ್ಲಿಯವರಿಗೆ ಚೆನ್ನಾಗಿ ಗೊತ್ತು. ಅಣ್ಣತಮ್ಮಂದಿರದ್ದು, ಮದುವೆಯಾಗಿ ಹೋದ ಅಕ್ಕತಂಗಿಯರದ್ದು, ತೀರಿಹೋದ ಚಿಕ್ಕಪ್ಪನ ಮಕ್ಕಳದ್ದು. ಒಂದು ಸಹಿ ಕಡಿಮೆಯಾದರೂ ಕೆಲಸ ನಿಂತುಹೋಗುತ್ತದೆ. ನಮ್ಮ ಡಿಎನ್‌ಎ ಕೂಡ ಪಾಲಾಗದ ಪಿತ್ರಾರ್ಜಿತವೇ. ಮಗುವಿನ ವಂಶವಾಹಿಗಳಲ್ಲಿ ಅರ್ಧ ಅಮ್ಮನದು, ಅರ್ಧ ಅಪ್ಪನದು. ಒಡಹುಟ್ಟಿದವರೊಡನೆ ಸರಾಸರಿ ಅರ್ಧದಷ್ಟು, ಸೋದರಮಾವ, ಚಿಕ್ಕಪ್ಪ, ಸೋದರತ್ತೆಯರೊಡನೆ ಕಾಲು ಭಾಗ ಹೊಂದುತ್ತದೆ. ಆದರೂ ಅದನ್ನು ಪರೀಕ್ಷೆಗೋ ಸಂಶೋಧನೆಗೋ ಒಪ್ಪಿಸಲು ಸಾಮಾನ್ಯವಾಗಿ ಒಬ್ಬರ ಸಹಿ ಸಾಕು. ಮಗುವಿನ ರಕ್ತವಾದರೆ ಆ ಸಹಿ ಹಾಕುವವರು ನೀವು.

ಆ ಸಹಿಯ ಬಗ್ಗೆ ಒಂದಿಷ್ಟು ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಹೆದರಿಸುವುದು ನನ್ನ ಉದ್ದೇಶವಲ್ಲ. ಜೆನೆಟಿಕ್ಸ್ ಸಂಶೋಧನೆಗೆ ನಮ್ಮ ಜನ ಮುಂದೆ ಬರಬೇಕೆಂದು ಬಲವಾಗಿ ನಂಬಿದವಳು ನಾನು. ಆದರೆ ನನ್ನ ಬಳಿ ಜೆನೆಟಿಕ್ ಕೌನ್ಸೆಲಿಂಗ್‌ಗೆ ಬರುವ ತಂದೆತಾಯಿಯರಲ್ಲಿ ಹೆಚ್ಚಿನವರು ಯಾವುದಕ್ಕೆ ಈಗಲೇ ಒಪ್ಪಬೇಕು, ಯಾವುದನ್ನು ಮಗು ದೊಡ್ಡದಾದ ಮೇಲೆ ತಾನೇ ನಿರ್ಧರಿಸಲಿ ಎಂದು ಬಿಡಬೇಕು ಎಂಬ ಪ್ರಶ್ನೆಯನ್ನೇ ಕೇಳಿಕೊಂಡಿರುವುದಿಲ್ಲ. ಉಳಿದ ಎಲ್ಲ ಪ್ರಶ್ನೆಗಳಿಗಿಂತ ಅದು ಮುಖ್ಯ.

ಈ ವಿಷಯ ನಮ್ಮ ಮನೆಗಳಿಗೆ ಬರುವುದು ಸಾಮಾನ್ಯವಾಗಿ ಮಕ್ಕಳ ಡಾಕ್ಟರ ಚೀಟಿಯೊಂದಿಗೆ. ಮಗು ನಡೆಯುವುದು ತಡವಾಗಿದೆ, ಫಿಟ್ಸ್ ಬರುತ್ತಿದೆ, ಕಿವಿ ಕೇಳಿಸುತ್ತಿಲ್ಲ ಎಂದಾಗ ಜೆನೆಟಿಕ್ ಟೆಸ್ಟ್ ಬರೆದುಕೊಡುತ್ತಾರೆ. ಇದು ಚಿಕಿತ್ಸೆಯ ಭಾಗ. ವರದಿ ನಿಮ್ಮ ಕೈಗೆ ಬರುತ್ತದೆ, ಅದಕ್ಕೆ ಲ್ಯಾಬ್ ಜವಾಬ್ದಾರಿ. ಅದೇ ಆಸ್ಪತ್ರೆಯಲ್ಲಿ, ಅದೇ ಸೂಜಿಯಿಂದ, ‘ಇನ್ನೊಂದೆರಡು ಎಂಎಲ್ ಸಂಶೋಧನೆಗೆ ತೆಗೆದುಕೊಳ್ಳಬಹುದಾ’ ಎಂದು ಕೇಳಿದರೆ ಅದು ಬೇರೆಯೇ ವ್ಯವಹಾರ. ಅದರ ಫಲ ನಿಮ್ಮ ಮಗುವಿಗೆ ಸಿಗದೇ ಇರಬಹುದು, ವರದಿ ಎಂದೂ ಬರದೇ ಇರಬಹುದು. ಹಾಗೆಂದು ಅದು ಮೋಸವಲ್ಲ. ಸಂಶೋಧನೆ ಇರುವುದೇ ಮುಂದೆ ಬರುವವರಿಗಾಗಿ. ಆದರೆ ಎರಡಕ್ಕೂ ಎರಡು ಬೇರೆ ಒಪ್ಪಿಗೆ ಪತ್ರ ಇರಬೇಕು. ಸಂಶೋಧನೆಗೆ ಬೇಡವೆಂದರೆ ಚಿಕಿತ್ಸೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗಬಾರದು. ಈ ಮಾತು ಆ ಪತ್ರದಲ್ಲೇ ಬರೆದಿರಬೇಕು. ಇಲ್ಲದಿದ್ದರೆ ಏಕಿಲ್ಲ ಎಂದು ಕೇಳಿ.

ನಮ್ಮ ಊರಿಗೆ ಈ ವಿದ್ಯೆ ಹೊಸದಲ್ಲ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಜ್ಞಾನಿ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ನವಜಾತ ಶಿಶುಗಳ ರಕ್ತದ ಹನಿ ಪಡೆದು, ಹುಟ್ಟಿನಿಂದಲೇ ಬರುವ ಅಮೈನೋ ಆಮ್ಲದ ದೋಷಗಳನ್ನು ಹುಡುಕುವ ದೊಡ್ಡ ಕೆಲಸ ಮಾಡಿದರು. ಅದರ ಜೊತೆಗೇ ಬೆಂಗಳೂರು ಮತ್ತು ಮೈಸೂರಿನ ಒಂದು ಲಕ್ಷಕ್ಕೂ ಹೆಚ್ಚು ದಂಪತಿಗಳ ಮಾಹಿತಿಯೂ ಕೂಡಿತು. ಅದರಲ್ಲಿ ಸುಮಾರು ಮೂರನೇ ಒಂದು ಭಾಗದ ಮದುವೆಗಳು ರಕ್ತಸಂಬಂಧದೊಳಗೇ ಆಗಿದ್ದವು. ಸೋದರಮಾವನನ್ನು ಮದುವೆಯಾಗುವುದು, ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳನ್ನು ತರುವುದು ನಮ್ಮಲ್ಲಿ ಎಷ್ಟು ಸಹಜವಾಗಿತ್ತೆಂದು ಹಳಬರಿಗೆ ಹೇಳಬೇಕಾಗಿಲ್ಲ.

ಇಲ್ಲೊಂದು ತಪ್ಪು ಸಮಾಧಾನವಿದೆ. ‘ನಮ್ಮದು ಬೇರೆ ಗೋತ್ರ, ಹಾಗಾಗಿ ತೊಂದರೆಯಿಲ್ಲ’ ಎನ್ನುವವರು ಇಂದಿಗೂ ಇದ್ದಾರೆ. ಗೋತ್ರ ನಡೆಯುವುದು ತಂದೆಯ ಕಡೆಯಿಂದ ಮಾತ್ರ. ಸೋದರಮಾವನ ಗೋತ್ರ ಬೇರೆ, ಆದರೆ ಅವನ ಮತ್ತು ಅಕ್ಕನ ಮಗಳ ವಂಶವಾಹಿಗಳು ಕಾಲು ಭಾಗ ಒಂದೇ. ಇಬ್ಬರಲ್ಲೂ ಅಡಗಿ ಕುಳಿತ ಒಂದೇ ದೋಷ ಮಗುವಿನಲ್ಲಿ ಜೋಡಿಯಾಗಿ ಸೇರುವ ಸಾಧ್ಯತೆ ಅಲ್ಲಿ ಹೆಚ್ಚು. ಇದನ್ನು ಹೇಳುವಾಗ ಎದುರಿಗೆ ಕುಳಿತ ತಾಯಿ ತಲೆತಗ್ಗಿಸುವುದುಂಟು. ದಯವಿಟ್ಟು ಯಾರೂ ತಲೆತಗ್ಗಿಸಬೇಕಾಗಿಲ್ಲ. ಸೋದರಸಂಬಂಧದಲ್ಲಿ ಮದುವೆಯಾದ ಹೆಚ್ಚಿನವರ ಮಕ್ಕಳು ಆರೋಗ್ಯವಾಗಿಯೇ ಇದ್ದಾರೆ. ದೂರದ ಸಂಬಂಧ ತಂದವರ ಮನೆಯಲ್ಲೂ ಕಾಯಿಲೆಯ ಮಗು ಹುಟ್ಟುತ್ತದೆ. ಕೌನ್ಸೆಲರ್ ಸಂಬಂಧವನ್ನು ಕೇಳಿ ಬರೆದುಕೊಳ್ಳುವುದು ವರದಿಯನ್ನು ಸರಿಯಾಗಿ ಓದುವುದಕ್ಕೆ, ನಿಮ್ಮನ್ನು ಅಳೆಯುವುದಕ್ಕಲ್ಲ.

ರಕ್ತಸಂಬಂಧವಿಲ್ಲದಿದ್ದರೂ ಇನ್ನೊಂದು ಸಂಗತಿ ಉಳಿಯುತ್ತದೆ. ವಿಜ್ಞಾನಿಗಳಾದ ಹೈದರಾಬಾದಿನ ಕೆ. ತಂಗರಾಜ್, ಹಾರ್ವರ್ಡ್‌ನ ಡೇವಿಡ್ ರೈಕ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಕೆಲವೇ ಪೂರ್ವಜರಿಂದ ಬೆಳೆದ ದಕ್ಷಿಣ ಏಷ್ಯಾದ 81 ಸಮುದಾಯಗಳನ್ನು ಗುರುತಿಸಿತು. ಇವುಗಳಲ್ಲಿ 14ರ ಜನಸಂಖ್ಯೆ ಹತ್ತು ಲಕ್ಷಕ್ಕಿಂತ ಹೆಚ್ಚು. ಬಹಳ ಹಿಂದೆ ಕೆಲವೇ ಕುಟುಂಬಗಳಿಂದ ಬೆಳೆದು, ತಲೆತಲಾಂತರದಿಂದ ಒಳಗೊಳಗೇ ಮದುವೆ ಮಾಡಿಕೊಂಡು ಬಂದದ್ದರಿಂದ, ಆ ಹಳೆಯ ಪೂರ್ವಜರಲ್ಲೊಬ್ಬರಿಗಿದ್ದ ಬದಲಾವಣೆ ಇಡೀ ಸಮುದಾಯದಲ್ಲಿ ಹರಡಿದೆ. ಆ ಅಧ್ಯಯನ ಉದಾಹರಣೆಯಾಗಿ ತೆಗೆದುಕೊಂಡದ್ದು ನಮ್ಮ ನೆರೆಹೊರೆಯ ವೈಶ್ಯ ಸಮುದಾಯವನ್ನು.

ವಿಷಯ ಇಷ್ಟು. ಆಪರೇಷನ್‌ಗೆ ಮುಂಚೆ ಸ್ನಾಯುಗಳನ್ನು ಸಡಿಲಿಸಲು ಸ್ಕೋಲಿನ್ ಎಂಬ ಔಷಧ ಕೊಡುವುದುಂಟು. ನಮ್ಮ ರಕ್ತದಲ್ಲಿರುವ ಕಿಣ್ವವೊಂದು ಅದನ್ನು ಕೆಲವೇ ನಿಮಿಷಗಳಲ್ಲಿ ಒಡೆದುಹಾಕುತ್ತದೆ. ಆ ಕಿಣ್ವ ತೀರ ಕಡಿಮೆ ಇರುವವರಿಗೆ ಗಂಟೆಗಟ್ಟಲೆ ಉಸಿರಾಟದ ಸ್ನಾಯುಗಳೂ ಅಲುಗಾಡುವುದಿಲ್ಲ, ವೆಂಟಿಲೇಟರ್ ಮೇಲೆ ಇಡಬೇಕಾಗುತ್ತದೆ. ಉಳಿದಂತೆ ಅವರು ಪೂರ್ತಿ ಆರೋಗ್ಯವಂತರು. ಆ ಔಷಧ ತಾಗದಿದ್ದರೆ ಜೀವಮಾನವಿಡೀ ಗೊತ್ತೂ ಆಗದು. ವೈಶ್ಯರಲ್ಲಿ ಈ ಕೊರತೆ ಇತರರಿಗಿಂತ ಸುಮಾರು ನೂರು ಪಟ್ಟು ಹೆಚ್ಚು. ದಕ್ಷಿಣ ಭಾರತದ ಅರಿವಳಿಕೆ ತಜ್ಞರಿಗೆ ಇದು ಹಿಂದಿನಿಂದಲೂ ಗೊತ್ತು. ಹೀಗಾಗಿ ಮಗುವಿಗೆ ಟಾನ್ಸಿಲ್ ಆಪರೇಷನ್ ಇರಲಿ, ಮೂಳೆ ಮುರಿತವಿರಲಿ, ಮನೆಯಲ್ಲಿ ಯಾರಿಗಾದರೂ ಅನಸ್ತೇಶಿಯಾದಿಂದ ಏಳುವುದು ತಡವಾಗಿದ್ದರೆ ಮೊದಲೇ ಹೇಳಿ. ಸರಳ ರಕ್ತಪರೀಕ್ಷೆಯಿಂದ ತಿಳಿಯುತ್ತದೆ, ಬೇರೆ ಔಷಧಗಳೂ ಇವೆ.

ಸಮುದಾಯದ ಹೆಸರಿನೊಂದಿಗೆ ಒಂದು ಜೀನ್ ತಳುಕು ಹಾಕಿಕೊಂಡಾಗ ಲಾಭವೂ ಅಪಾಯವೂ ಒಟ್ಟಿಗೇ ಬರುತ್ತವೆ. ಆಪರೇಷನ್ ಥಿಯೇಟರಿನಲ್ಲಿ ಜೀವ ಉಳಿಸುವ ಅದೇ ಮಾಹಿತಿ ಗಂಡು ಹೆಣ್ಣು ನೋಡುವ ಜಾಗದಲ್ಲಿ ಅನುಮಾನವಾಗಿ ಮಾರ್ಪಡುವುದು ಕಷ್ಟವಲ್ಲ. ಜಾತಕದ ಜೊತೆ ಜೀನ್ ವರದಿಯನ್ನೂ ಕಳಿಸಿ ಎಂದು ಯಾರಾದರೂ ಕೇಳಿದರೆ ಕೊಡಬೇಡಿ ಎಂದೇ ನನ್ನ ಸಲಹೆ. ಮದುವೆ ನಿಶ್ಚಯವಾದ ಹುಡುಗ ಹುಡುಗಿ ಇಬ್ಬರೂ ಒಟ್ಟಿಗೆ ಕೌನ್ಸೆಲರ್ ಬಳಿ ಬರುವುದು ಬೇರೆ ಮಾತು. ಅದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ.

ಕರ್ನಾಟಕದಲ್ಲಿ ಈ ಪಾಠವನ್ನು ಎಲ್ಲರಿಗಿಂತ ಕಷ್ಟಪಟ್ಟು ಕಲಿತವರು ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡಿನ ಜನ. 1970ರ ದಶಕದ ನಡುವಿನಲ್ಲಿ ಅಲ್ಲಿ ಸೊಂಟದ, ಮೊಣಕಾಲಿನ ಕೀಲುಗಳು ಸವೆಯುವ, ಕೆಲವರಲ್ಲಿ ಬೆಳವಣಿಗೆಯೇ ಕುಂಠಿತವಾಗುವ ಕಾಯಿಲೆ ಬೆಳಕಿಗೆ ಬಂತು. ತುತ್ತಾದವರು ಚನ್ನಂಗಿ, ಛಲವಾದಿ ಎಂಬ ದಲಿತ ಸಮುದಾಯಗಳವರು, ಹೊಲಗದ್ದೆಗಳಲ್ಲಿ ದುಡಿಯುವವರು. ಕೀಟನಾಶಕ ಸೇರಿದ ಗದ್ದೆಯ ಏಡಿ ತಿಂದದ್ದು ಕಾರಣವಿರಬಹುದೇ ಎಂಬ ಅನುಮಾನ ಮೊದಲು ಎದ್ದಿತು. ಮುಂದೆ ಅಧ್ಯಯನಗಳು ಇದು ವಂಶಪಾರಂಪರ್ಯವಾಗಿ, ತಂದೆ ತಾಯಿಯರಲ್ಲಿ ಒಬ್ಬರಿಂದಲೇ ಮಕ್ಕಳಿಗೆ ಇಳಿಯುವ ರೋಗವೆಂದು ತೋರಿಸಿದವು. ವೈದ್ಯಕೀಯ ಪತ್ರಿಕೆಗಳಲ್ಲಿ ಅದಕ್ಕೆ ಆ ಊರಿನ ಹೆಸರೇ ನಿಂತಿತು. ರಕ್ತ ಕೊಟ್ಟವರಿಗೆ ರೋಗದ ಬೇರನ್ನು ಮುಟ್ಟುವ ಚಿಕಿತ್ಸೆ ಇನ್ನೂ ಸಿಕ್ಕಿಲ್ಲ; ಊರಿಗೆ ರೋಗದ ಹೆಸರು ಮಾತ್ರ ಉಳಿಯಿತು. ಜ್ಞಾನಕ್ಕೆ ತಮ್ಮ ಮೈಯನ್ನೇ ಕೊಟ್ಟ ಆ ಬಡ ಕುಟುಂಬಗಳಿಗೆ ನಾವು ತೀರಿಸದ ಋಣವಿದು ಎಂದು ಈ ಕ್ಷೇತ್ರದಲ್ಲಿ ಕೆಲಸ ಮಾಡುವ ನನಗೆ ಅನಿಸುತ್ತಲೇ ಇರುತ್ತದೆ. ಆದ್ದರಿಂದಲೇ ಸಂಶೋಧಕರು ಮನೆಗೆ ಬಂದಾಗ ‘ಇದರಿಂದ ನಮ್ಮವರಿಗೆ ಏನು ಮರಳಿ ಬರುತ್ತದೆ, ನಮ್ಮ ಊರು, ಜಾತಿಯ ಹೆಸರು ಹೇಗೆ ಅಚ್ಚಾಗುತ್ತದೆ’ ಎಂದು ಕೇಳುವುದು ದುರಾಸೆಯಲ್ಲ, ಹಕ್ಕು.

ಈಗ ನಮ್ಮ ಮಕ್ಕಳಿಗೇ ಬರೋಣ. ಮಕ್ಕಳ ಜೀನ್‌ಗಳನ್ನು ಒಳಗೊಂಡ ಅಧ್ಯಯನಗಳು ನಮ್ಮ ನಡುವೆಯೇ ನಡೆದಿವೆ. ನಿಮ್ಹಾನ್ಸ್ ಮುಂದಾಳತ್ವದ, ಭಾರತ ಮತ್ತು ಬ್ರಿಟನ್ ಜಂಟಿ ನೆರವಿನ ಸಿ-ವೇದಾ ಎಂಬ ಅಧ್ಯಯನ 6ರಿಂದ 23 ವರ್ಷದ ಸಾವಿರಾರು ಮಕ್ಕಳನ್ನೂ ಯುವಕರನ್ನೂ ಸೇರಿಸಿಕೊಂಡಿತು. ಬೆಂಗಳೂರು, ಮೈಸೂರು ಅದರ ಕೇಂದ್ರಗಳಲ್ಲಿ ಸೇರಿವೆ. ಚಟ ಮತ್ತು ನಡವಳಿಕೆಯ ತೊಂದರೆಗಳು ಕೆಲವು ಮಕ್ಕಳಲ್ಲಿ ಮಾತ್ರ ಏಕೆ ಬೇರೂರುತ್ತವೆ ಎಂಬುದು ಅದರ ಪ್ರಶ್ನೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ತಾಯಂದಿರು ಗರ್ಭಿಣಿಯರಾಗಿದ್ದಾಗಲೇ ಶುರುವಾದ ಇನ್ನೊಂದು ಅಧ್ಯಯನ ಆಗ ಹುಟ್ಟಿದ ಮಕ್ಕಳನ್ನು ದೊಡ್ಡವರಾಗುವವರೆಗೂ ಹಿಂಬಾಲಿಸಿತು. ಅಂದು ತಾಯಿ ಸಹಿ ಹಾಕಿದ ಕೂಸಿಗೆ ಇಂದು 25 ದಾಟಿದೆ. ಮಗುವಿನ ಒಪ್ಪಿಗೆ ಎನ್ನುವುದು ಒಮ್ಮೆ ಪಡೆದು ಕಡತಕ್ಕೆ ಸೇರಿಸುವ ವಸ್ತುವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರಲ್ಲಿ ಮಕ್ಕಳ ಮೇಲಿನ ಸಂಶೋಧನೆಗೆಂದೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ಕಾನೂನಿನ ಒಪ್ಪಿಗೆ ಪೋಷಕರದ್ದೇ. ಆದರೆ 7 ವರ್ಷ ದಾಟಿದ ಮಗುವಿಗೆ ಅದಕ್ಕೆ ಅರ್ಥವಾಗುವ ಮಾತಿನಲ್ಲಿ ಹೇಳಿ, ಬಾಯಿಮಾತಿನ ಸಮ್ಮತಿ ಪಡೆಯಬೇಕು. 12 ದಾಟಿದ ಮೇಲೆ ಬರಹದಲ್ಲಿ. 18 ತುಂಬಿದಾಗ ಸಂಶೋಧನೆ ಇನ್ನೂ ನಡೆಯುತ್ತಿದ್ದರೆ ಮತ್ತೆ ಕೇಳಬೇಕು. ಮಗು ‘ಬೇಡ ಅಮ್ಮ’ ಎಂದರೆ? ತನಗೆ ನೇರ ಪ್ರಯೋಜನವಿಲ್ಲದ ಸಂಶೋಧನೆಯಲ್ಲಿ ಆ ಬೇಡಕ್ಕೆ ಬೆಲೆ ಕೊಡಲೇಬೇಕು. ಚಾಕೊಲೇಟ್ ಆಸೆ ತೋರಿಸಿ, ‘ಡಾಕ್ಟರ್ ಅಂಕಲ್ ಬೇಜಾರು ಮಾಡ್ಕೋತಾರೆ’ ಎಂದು ಒಪ್ಪಿಸಬೇಡಿ. ತನ್ನ ಮೈಯ ಮೇಲೆ ತನಗೆ ಮಾತಿದೆ ಎಂದು ಮಗು ಕಲಿಯುವ ಮೊದಲ ಸಂದರ್ಭಗಳಲ್ಲಿ ಇದೂ ಒಂದು.

ಮಾರ್ಗಸೂಚಿ ಎಂದರೆ ಕಾನೂನಲ್ಲವಲ್ಲ ಎಂದು ವಕೀಲರ ಮನೆಯವರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್‌ಗಳ 2019ರ ನಿಯಮಗಳು ಇಂಥ ಸಂಶೋಧನೆಯನ್ನು ಪರಿಶೀಲಿಸುವ ಎಥಿಕ್ಸ್ ಕಮಿಟಿಗಳು ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿಕೊಳ್ಳಬೇಕು, ಐಸಿಎಂಆರ್ ಮಾರ್ಗಸೂಚಿಯಂತೆ ನಡೆಯಬೇಕು ಎನ್ನುತ್ತವೆ. ಹಾಗಾಗಿ ಒಪ್ಪಿಗೆ ಪತ್ರದಲ್ಲಿ ಎಥಿಕ್ಸ್ ಕಮಿಟಿಯ ಹೆಸರು, ಫೋನ್ ನಂಬರ್ ಇದೆಯೇ ನೋಡಿ. ದೂರು ಹೇಳಬೇಕಾದಾಗ ರಕ್ತ ತೆಗೆದವರನ್ನೇ ಕೇಳಬೇಕಾದ ಸ್ಥಿತಿ ಬರಬಾರದು.

ಹೆಚ್ಚು ಸಮಯ ಕೊಟ್ಟು ಓದಬೇಕಾದ ಸಾಲೊಂದು ಈ ಪತ್ರಗಳಲ್ಲಿರುತ್ತದೆ: ‘ನಿಮ್ಮ ಮಾದರಿಯನ್ನು ಮುಂದಿನ ಸಂಶೋಧನೆಗಳಿಗೂ ಬಳಸಬಹುದು.’ ಅಮೆರಿಕದ ಅರಿಜೋನಾದಲ್ಲಿ ಹವಾಸುಪಾಯಿ ಎಂಬ ಮೂಲನಿವಾಸಿಗಳು 1990ರಲ್ಲಿ ತಮ್ಮವರನ್ನು ಕಾಡುತ್ತಿದ್ದ ಸಕ್ಕರೆ ಕಾಯಿಲೆಯ ಅಧ್ಯಯನವೆಂದು ನಂಬಿ ರಕ್ತ ಕೊಟ್ಟರು. ಅದೇ ರಕ್ತವನ್ನು ಸ್ಕಿಜೋಫ್ರೇನಿಯಾದ ಅಧ್ಯಯನಕ್ಕೂ, ಅವರ ಪೂರ್ವಿಕರು ಎಲ್ಲಿಂದ ವಲಸೆ ಬಂದರೆಂದು ಹುಡುಕುವುದಕ್ಕೂ ಬಳಸಿದರು. ತಾವು ವಾಸಿಸುವ ಕಣಿವೆಯಲ್ಲೇ ತಮ್ಮ ಕುಲ ಹುಟ್ಟಿತೆಂಬ ಅವರ ನಂಬಿಕೆಗೆ ಅದು ಕೊಡಲಿಯೇಟು. ಕೊನೆಗೆ 2010ರಲ್ಲಿ, ರಕ್ತ ಪಡೆದಿದ್ದ ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಪರಿಹಾರ ಕೊಟ್ಟು, ಉಳಿದ ರಕ್ತದ ಮಾದರಿಗಳನ್ನು ಹಿಂದಿರುಗಿಸಿತು. ಮುಂದಿನ ಬಳಕೆಗೆ ಒಪ್ಪುವುದು ತಪ್ಪೆಂದು ಇದನ್ನು ಹೇಳುತ್ತಿಲ್ಲ. ಬಳಕೆ ಅದೇ ಕಾಯಿಲೆಗೆ ಮಾತ್ರವೇ, ಯಾವುದಕ್ಕಾದರೂ ಆಗಬಹುದೇ, ಹೊಸ ಅಧ್ಯಯನಕ್ಕೆ ಮುಂಚೆ ಎಥಿಕ್ಸ್ ಕಮಿಟಿ ಮತ್ತೆ ನೋಡುತ್ತದೆಯೇ, ವಿದೇಶಕ್ಕೆ ಹೋಗುತ್ತದೆಯೇ ಎಂದು ತಿಳಿದುಕೊಂಡು ಒಪ್ಪಿ. ರಕ್ತದಿಂದ ಜೀವಕೋಶಗಳ ಸಾಲನ್ನೇ ಬೆಳೆಸುತ್ತಾರೆಯೇ ಎಂಬುದನ್ನೂ ಕೇಳಿ. ಹಾಗೆ ಬೆಳೆಸಿದ ಕೋಶಗಳು ಪ್ರಯೋಗಾಲಯದಲ್ಲಿ ದಶಕಗಳ ಕಾಲ ಬದುಕಬಲ್ಲವು. ಬೆಂಗಳೂರಿನಲ್ಲೇ ನಿಮ್ಹಾನ್ಸ್, ಎನ್‌ಸಿಬಿಎಸ್, ಇನ್‌ಸ್ಟೆಮ್ ಸಂಸ್ಥೆಗಳು ಸೇರಿ ತೀವ್ರ ಮಾನಸಿಕ ಕಾಯಿಲೆಯಿರುವ ಕುಟುಂಬಗಳ ರಕ್ತದಿಂದ ಇಂಥ ಕೋಶಗಳನ್ನು ಬೆಳೆಸಿ ಅಧ್ಯಯನ ಮಾಡುತ್ತಿವೆ. ಮಿದುಳನ್ನು ಮುಟ್ಟದೆ ಮಿದುಳಿನ ಕಾಯಿಲೆಯನ್ನು ಅರಿಯಲು ಅದೊಂದು ಅಮೂಲ್ಯ ದಾರಿ.

‘ಹೆಸರು ತೆಗೆದುಹಾಕುತ್ತೇವೆ’ ಎನ್ನುವ ಭರವಸೆ ನಿಜ, ಆದರೆ ಅರ್ಧ. ಬೆರಳಚ್ಚಿನಂತೆ ಡಿಎನ್‌ಎಯೂ ತಾನೇ ಒಂದು ಗುರುತು. ಕ್ಯಾಲಿಫೋರ್ನಿಯಾದಲ್ಲಿ 1970 ಮತ್ತು 80ರ ದಶಕಗಳಲ್ಲಿ ಕೊಲೆ, ಅತ್ಯಾಚಾರ ನಡೆಸಿ ತಪ್ಪಿಸಿಕೊಂಡಿದ್ದವನು 2018ರಲ್ಲಿ ಸಿಕ್ಕಿಬಿದ್ದ. ಅವನೇನೂ ತನ್ನ ಡಿಎನ್‌ಎ ಕೊಟ್ಟಿರಲಿಲ್ಲ. ವಂಶವೃಕ್ಷ ಹುಡುಕುವ ತಾಣಕ್ಕೆ ದೂರದ ನೆಂಟರು ಹಾಕಿದ್ದ ಮಾಹಿತಿಯ ಜಾಡು ಹಿಡಿದು ಪೊಲೀಸರು ಅವನ ಮನೆ ತಲುಪಿದರು. ಅಪರಾಧಿ ಸಿಕ್ಕಿದ್ದು ಒಳ್ಳೆಯದೇ. ಒಬ್ಬರು ಕೊಟ್ಟದ್ದು ನೆಂಟರಿಷ್ಟರೆಲ್ಲರನ್ನೂ ತಲುಪುತ್ತದೆ ಎಂಬುದನ್ನು ಮಾತ್ರ ಗಮನಿಸಿ. ತ್ಯಾಗರಾಜನಗರದ ಎಷ್ಟೋ ಅಜ್ಜಅಜ್ಜಿಯರು ಮಗನ ಮನೆಗೆ ಅಮೆರಿಕಕ್ಕೆ ಹೋಗಿಬರುತ್ತಾರೆ. ಅಲ್ಲಿ ಉಡುಗೊರೆಯಾಗಿ ಬರುವ ಎಂಜಲು ಪರೀಕ್ಷೆಯ ಕಿಟ್‌ಗಳ ಬಗ್ಗೆ ಅವರು ಕೇಳಿರಲೂಬಹುದು. ಅಂಥ ಕಿಟ್‌ಗಳಲ್ಲಿ ಹೆಸರಾದ 23ಆ್ಯಂಡ್‌ಮಿ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು. 2025ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಸುಮಾರು ಒಂದೂವರೆ ಕೋಟಿ ಜನರ ಡಿಎನ್‌ಎ ಮಾಹಿತಿ ಯಾರ ಪಾಲಾಗುತ್ತದೆಂಬ ಆತಂಕ ಎದ್ದು, ಅಳಿಸಿಕೊಳ್ಳಿ ಎಂದು ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ಲೇ ಜನರನ್ನು ಎಚ್ಚರಿಸಬೇಕಾಯಿತು. ಕಂಪನಿ ಒಳ್ಳೆಯದಿದ್ದರೂ ಕೈ ಬದಲಾಗಬಹುದು. ಮೊಮ್ಮಕ್ಕಳ ಎಂಜಲನ್ನು ಮೋಜಿಗೆಂದು ಕೊಡುವುದನ್ನು ನಾನು ಬೇಡವೆನ್ನುತ್ತೇನೆ.

ನಮ್ಮ ಕಾನೂನು ಎಲ್ಲಿಯವರೆಗೆ ಬಂದಿದೆ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ನಮ್ಮ ಬೆಂಗಳೂರಿನವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಅವರಿಗೆ 80 ದಾಟಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ತೀರ್ಪಿನ ದಾರಿಯಲ್ಲಿ ಬಂದದ್ದು. 18 ತುಂಬದವರ ಮಾಹಿತಿಗೆ ಪೋಷಕರ ಖಚಿತ ಒಪ್ಪಿಗೆ ಬೇಕೆಂದು ಅದು ಹೇಳುತ್ತದೆ. ಆದರೆ ಜೀನ್ ಮಾಹಿತಿಗೆಂದು ವಿಶೇಷ ರಕ್ಷಣೆ ಅದರಲ್ಲಿಲ್ಲ. ವ್ಯಕ್ತಿಯ ಬಗ್ಗೆ ನಿರ್ಧಾರ ಕೈಗೊಳ್ಳಲು ಬಳಸದೆ, ನಿಗದಿತ ಮಾನದಂಡ ಪಾಲಿಸಿದರೆ ಸಂಶೋಧನೆಗೆ ವಿನಾಯಿತಿಯನ್ನೂ ಅದು ಕೊಟ್ಟಿದೆ. ಡಿಎನ್‌ಎ ತಂತ್ರಜ್ಞಾನಕ್ಕೆಂದು 2019ರಲ್ಲಿ ತಂದ ಪ್ರತ್ಯೇಕ ಮಸೂದೆಯನ್ನು 2023ರಲ್ಲಿ ಹಿಂಪಡೆಯಲಾಯಿತು. ಹೀಗಾಗಿ ಸಂಶೋಧನೆಯ ಮಟ್ಟಿಗೆ ನಿಮ್ಮ ಕೈಯಲ್ಲಿರುವ ಒಪ್ಪಿಗೆ ಪತ್ರವೇ ಇಂದು ನಿಮ್ಮ ಬಹುಪಾಲು ರಕ್ಷಣೆ. ಅದನ್ನು ಮನೆಗೆ ಕೊಂಡೊಯ್ದು, ಕನ್ನಡದಲ್ಲಿ ಬೇಕೆಂದು ಕೇಳಿ ಪಡೆದು, ನಿಧಾನವಾಗಿ ಓದಿ.

ವಿಮೆಯ ಭಯ ಅನೇಕರನ್ನು ಪರೀಕ್ಷೆಯಿಂದಲೇ ದೂರವಿಡುತ್ತದೆ. ಆನುವಂಶಿಕ ಕಾಯಿಲೆ ಎಂಬ ಒಂದೇ ಕಾರಣಕ್ಕೆ ಆರೋಗ್ಯ ವಿಮೆಯ ಕ್ಲೇಮ್ ತಳ್ಳಿಹಾಕುವುದು ತಾರತಮ್ಯ ಎಂದು ದೆಹಲಿ ಹೈಕೋರ್ಟ್ 2018ರ ಫೆಬ್ರುವರಿಯಲ್ಲಿ ಹೇಳಿತು. ಅದರ ಬೆನ್ನಿಗೇ ವಿಮಾ ನಿಯಂತ್ರಣ ಪ್ರಾಧಿಕಾರ ಕಂಪನಿಗಳಿಗೆ ಸುತ್ತೋಲೆ ಕಳಿಸಿತು. ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಯಿತು, ಆದರೆ ಆರೋಗ್ಯ ಪಾಲಿಸಿಗಳಲ್ಲಿ ಆನುವಂಶಿಕ ಕಾಯಿಲೆಯನ್ನು ಹೊರಗಿಡಬಾರದೆಂಬ ಪ್ರಾಧಿಕಾರದ ನಿಲುವು 2019ರ ಮಾರ್ಗಸೂಚಿಯಲ್ಲೂ ಉಳಿಯಿತು. ಅಮೆರಿಕ 2008ರಲ್ಲಿ ಮಾಡಿದಂತೆ ಜೀನ್ ಆಧಾರಿತ ತಾರತಮ್ಯವನ್ನು ತಡೆಯುವ ಕಾಯ್ದೆ ನಮ್ಮಲ್ಲಿ ಇನ್ನೂ ಬಂದಿಲ್ಲ, ಬರಬೇಕು. ಪಾಲಿಸಿ ಅರ್ಜಿಯಲ್ಲಿ ಕೇಳಿದ್ದಕ್ಕೆ ಸುಳ್ಳು ಬರೆಯಬೇಡಿ, ಕ್ಲೇಮ್ ಬಿದ್ದುಹೋಗುವುದು ಅದರಿಂದಲೇ. ಮಗುವಿನ ಚಿಕಿತ್ಸೆಗೆ ಬೇಕಾದ ಪರೀಕ್ಷೆಯನ್ನಂತೂ ವಿಮೆಯ ಅಂಜಿಕೆಯಿಂದ ಮುಂದೂಡಬೇಡಿ.

ಅಪ್ಪ, ಅಮ್ಮ, ಮಗು ಮೂವರ ರಕ್ತವನ್ನೂ ಒಟ್ಟಿಗೆ ಪರೀಕ್ಷಿಸುವಾಗ ಹುಡುಕದೇ ಇದ್ದದ್ದೂ ಕಾಣಿಸಬಹುದು. ಅಪ್ಪನೆಂದು ಬರೆದವರು ಜೈವಿಕ ತಂದೆಯಲ್ಲ ಎಂಬುದೂ ಅದರಲ್ಲಿ ಒಂದು. ಕೌನ್ಸೆಲರ್ ಈ ಸಾಧ್ಯತೆಯನ್ನು ಮೊದಲೇ ಹೇಳಿ, ತಿಳಿಸಬೇಕೇ ಬೇಡವೇ ಎಂದು ಕೇಳಬೇಕು. ದಾಂಪತ್ಯ ಕಲಹದಲ್ಲಿ ಮಗುವಿನ ಡಿಎನ್‌ಎಯನ್ನು ಆಯುಧ ಮಾಡಿಕೊಳ್ಳುವವರಿಗೆ 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯೊಡ್ಡಿತು. ಕರ್ನಾಟಕದಿಂದ ಹೋದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಆ ಪೀಠದಲ್ಲಿದ್ದರು. ಗಂಡಹೆಂಡಿರ ಜಗಳದಲ್ಲಿ ತನ್ನ ಹುಟ್ಟನ್ನು ಇತರರು ಸುಮ್ಮನೆ ಪ್ರಶ್ನಿಸದಿರಲಿ ಎನ್ನುವ ಹಕ್ಕು ಮಗುವಿಗಿದೆ, ಡಿಎನ್‌ಎ ಪರೀಕ್ಷೆಯನ್ನು ಕೇಳಿದಾಗಲೆಲ್ಲ ಮಾಡಿಸುವಂತಿಲ್ಲ ಎಂಬುದು ತೀರ್ಪಿನ ತಿರುಳು. ಇನ್ನು ಗರ್ಭದಲ್ಲಿರುವಾಗಿನ ಪರೀಕ್ಷೆಗಳು 1994ರ ಪ್ರಸವಪೂರ್ವ ಪತ್ತೆ ಕಾಯ್ದೆಗೆ ಒಳಪಟ್ಟವು. ಕಾಯಿಲೆ ನೋಡಬಹುದು, ಗಂಡೋ ಹೆಣ್ಣೋ ಎಂದು ಹೇಳುವುದು ಅಪರಾಧ.

ಯಾವುದಕ್ಕೆ ಈಗಲೇ ಒಪ್ಪಬೇಕು, ಯಾವುದನ್ನು ಮಗುವಿಗೇ ಬಿಡಬೇಕು ಎಂಬ ಮೊದಲ ಪ್ರಶ್ನೆಗೆ ಈಗ ಉತ್ತರ. ಮನೆಯಲ್ಲಿ ಯಾರಿಗಾದರೂ ರೆಟಿನೊಬ್ಲಾಸ್ಟೊಮಾ ಎಂಬ ಕಣ್ಣಿನ ಗಡ್ಡೆ ಬಂದಿದ್ದರೆ ಹುಟ್ಟಿದ ಮಗುವಿಗೆ ತಡಮಾಡದೆ ಜೀನ್ ಪರೀಕ್ಷೆ ಮಾಡಿಸಿ. ದೋಷ ಇದ್ದರೆ ಗಡ್ಡೆ ಚಿಕ್ಕದಿರುವಾಗಲೇ ಹಿಡಿದು ಕಣ್ಣು ಉಳಿಸಬಹುದು. ಇಲ್ಲದಿದ್ದರೆ ಪದೇ ಪದೇ ಅರಿವಳಿಕೆ ಕೊಟ್ಟು ಕಣ್ಣು ನೋಡುವ ಹಿಂಸೆ ತಪ್ಪುತ್ತದೆ. ಹಿಮ್ಮಡಿ ಚುಚ್ಚಿ ಮಾಡುವ ನವಜಾತ ಪರೀಕ್ಷೆಯೂ ಈ ಸಾಲಿನದೇ. ಬಾಲ್ಯದಲ್ಲಿ ಏನಾದರೂ ಮಾಡಲು ಸಾಧ್ಯವಿರುವ ಇಂಥವನ್ನು ಮಗುವಿಗಾಗಿ ನೀವೇ ನಿರ್ಧರಿಸಬೇಕು.

ಹಂಟಿಂಗ್ಟನ್ ಕಾಯಿಲೆ ಹಾಗಲ್ಲ. ಅದು ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ಬರುವಂಥದ್ದು, ಅದನ್ನು ತಡೆಯುವ ಚಿಕಿತ್ಸೆ ಇಂದು ಇಲ್ಲ. ತಂದೆಗೆ ಇದೆ ಎಂದು ಹತ್ತು ವರ್ಷದ ಮಗನನ್ನು ಪರೀಕ್ಷಿಸಿದರೆ, ‘ನನಗೆ ತಿಳಿಯುವುದೇ ಬೇಡ’ ಎನ್ನುವ ಅವನ ಹಕ್ಕನ್ನು ಅವನು ಅರಿಯುವ ಮೊದಲೇ ಕಿತ್ತುಕೊಂಡಂತೆ. ದೊಡ್ಡವರಾದ ಮೇಲೂ ಎಷ್ಟೋ ಜನ ತಿಳಿಯದಿರುವುದನ್ನೇ ಆರಿಸಿಕೊಳ್ಳುತ್ತಾರೆ. ಸ್ತನ ಕ್ಯಾನ್ಸರ್‌ಗೆ ಸಂಬಂಧಿಸಿದ ಬಿಆರ್‌ಸಿಎ ಜೀನ್, ಥಲಸ್ಸೀಮಿಯಾದ ವಾಹಕತ್ವ ಇವುಗಳೂ 18ರವರೆಗೆ ಕಾಯಬಹುದು. ಕಾಯುವುದರಿಂದ ಮಗುವಿಗೆ ನಷ್ಟವಿಲ್ಲ. ಮಗ ಕ್ರಿಕೆಟಿಗನಾಗುತ್ತಾನೋ, ಗಣಿತದಲ್ಲಿ ಜಾಣನೋ ಎಂದು ಜೀನ್ ನೋಡಿ ಹೇಳುತ್ತೇವೆ ಎನ್ನುವ ಪರೀಕ್ಷೆಗಳಿಗೆ ದುಡ್ಡು ಸುರಿಯಬೇಡಿ. ಅಂಥ ಭವಿಷ್ಯ ಹೇಳುವಷ್ಟು ಆಧಾರ ಇಂದಿನ ವಿಜ್ಞಾನದಲ್ಲಿಲ್ಲ. ಆ ವರದಿಯ ಮಾತು ಮಗುವಿನ ತಲೆಯಲ್ಲಿ ಮಾತ್ರ ಬಹುಕಾಲ ಉಳಿಯುತ್ತದೆ.

ಎಕ್ಸೋಮ್‌ನಂಥ ದೊಡ್ಡ ಪರೀಕ್ಷೆ ಸುಮಾರು 20 ಸಾವಿರ ಜೀನ್‌ಗಳನ್ನು ಒಟ್ಟಿಗೆ ನೋಡುತ್ತದೆ. ಫಿಟ್ಸ್‌ಗೆ ಕಾರಣ ಹುಡುಕುತ್ತಾ ಕ್ಯಾನ್ಸರಿನ ಅಪಾಯ ಕಂಡುಬಿಡಬಹುದು. ಅದನ್ನು ತಿಳಿಸಬೇಕೇ ಎಂಬ ಪ್ರಶ್ನೆಗೆ ಫಾರ್ಮಿನಲ್ಲಿ ಒಂದು ಚೌಕವಿರುತ್ತದೆ. ಅವಸರದಲ್ಲಿ ಟಿಕ್ ಹಾಕದೆ ದಂಪತಿ ಕುಳಿತು ಮಾತಾಡಿ. ವರದಿಯಲ್ಲಿ ‘ಅರ್ಥ ಖಚಿತವಿಲ್ಲದ ಬದಲಾವಣೆ’ ಎಂದು ಬಂದರೆ ಅದನ್ನು ರೋಗವೆಂದು ತಿಳಿಯಬೇಡಿ. ನಮ್ಮವರಲ್ಲಿ ಅಂಥ ವರದಿ ಹೆಚ್ಚು ಬರುವುದಕ್ಕೆ ಕಾರಣವಿದೆ. ಜಗತ್ತಿನ ಜೀನ್ ದಾಖಲೆಗಳಲ್ಲಿ ಬಹುಪಾಲು ಯುರೋಪ್ ಮೂಲದವರದು. ಮಲೆನಾಡಿನ, ಮೈಸೂರು ಸೀಮೆಯ ಆರೋಗ್ಯವಂತರಲ್ಲಿ ಸಾಮಾನ್ಯವಾಗಿರುವ ಬದಲಾವಣೆ ಆ ದಾಖಲೆಗೆ ಅಪರಿಚಿತ.

ಆ ಕೊರತೆ ತುಂಬಲೆಂದೇ ಜೀನೋಮ್ ಇಂಡಿಯಾ ಯೋಜನೆ 2020ರಲ್ಲಿ ಶುರುವಾಯಿತು. 20 ಸಂಸ್ಥೆಗಳ ಆ ಕೆಲಸವನ್ನು ಜೊತೆಗೂಡಿಸಿದ್ದು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್. ಸುಮಾರು 10 ಸಾವಿರ ಆರೋಗ್ಯವಂತರ ಪೂರ್ಣ ಜೀನೋಮ್ ಓದಿ, 2025ರ ಜನವರಿಯಲ್ಲಿ ಫರೀದಾಬಾದಿನ ದತ್ತಾಂಶ ಕೇಂದ್ರದ ಮೂಲಕ ಸಂಶೋಧಕರಿಗೆ ತೆರೆಯಲಾಯಿತು. ಯಾರು ಬೇಕಾದರೂ ಇಳಿಸಿಕೊಳ್ಳುವಂತಿಲ್ಲ, ಅರ್ಜಿ ಹಾಕಿ ಅನುಮತಿ ಪಡೆಯಬೇಕು. ನಾಳೆ ನಿಮ್ಮ ಮಗುವಿನ ವರದಿಯಲ್ಲಿ ‘ಖಚಿತವಿಲ್ಲ’ ಎಂಬುದು ‘ಇದು ನಿರುಪದ್ರವಿ’ ಎಂದು ಬದಲಾದರೆ, ಅದರ ಹಿಂದೆ ಹೆಸರಿಲ್ಲದ ಈ ದಾನಿಗಳಿರುತ್ತಾರೆ. ಸಂಶೋಧನೆಗೆ ಒಪ್ಪಿ ಎಂದು ನಾನು ಪೋಷಕರನ್ನು ಕೇಳಿಕೊಳ್ಳುವುದು ಇದಕ್ಕಾಗಿಯೇ. ಮೂರು ವರ್ಷ ಬಿಟ್ಟು ಹಳೆಯ ವರದಿಯನ್ನು ಮತ್ತೆ ಓದಿಸಿ, ಅರ್ಥ ಬದಲಾಗಿರಬಹುದು.

ಎಲ್ಲಿ ಹೋಗಬೇಕು ಎಂದು ಕೇಳುವವರಿಗೆ: ಎಚ್. ಶರತ್‌ಚಂದ್ರ ಅವರು ಕಟ್ಟಿ ಬೆಳೆಸಿದ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿದೆ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೊಂದಿಗೆ ಕೆಲಸ ಮಾಡುತ್ತದೆ. 2021ರ ವಿರಳ ರೋಗಗಳ ರಾಷ್ಟ್ರೀಯ ನೀತಿಯಡಿ ಇವೆರಡೂ ಸೇರಿ ರಾಜ್ಯದ ಉತ್ಕೃಷ್ಟತಾ ಕೇಂದ್ರ. ಆ ನೀತಿಯಡಿ ಅರ್ಹ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶವಿದೆ. ನರಸಂಬಂಧಿ ಕಾಯಿಲೆಗೆ ನಿಮ್ಹಾನ್ಸ್, ಕರಾವಳಿಯವರಿಗೆ ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನ ಮೆಡಿಕಲ್ ಜೆನೆಟಿಕ್ಸ್ ವಿಭಾಗ ಇವೆ.

ಸಹಿ ಹಾಕಿದ ಮೇಲೂ ಹಿಂದೆ ಸರಿಯಬಹುದು. ಮಾದರಿಯನ್ನು ನಾಶಮಾಡಿ ಎಂದು ಬರೆದುಕೊಡಬಹುದು, ಆದರೆ ಅಷ್ಟರಲ್ಲಿ ಪ್ರಕಟವಾದ ಫಲಿತಾಂಶದಿಂದ ನಿಮ್ಮ ಮಗುವಿನ ಪಾಲನ್ನು ತೆಗೆಯಲಾಗದು. ಒಪ್ಪಿಗೆ ಪತ್ರದ ಪ್ರತಿ ಕೇಳಿ ಪಡೆಯಿರಿ, ಅಧ್ಯಯನದ ಹೆಸರು, ದಿನಾಂಕ, ಎಥಿಕ್ಸ್ ಕಮಿಟಿಯ ನಂಬರ್ ಅದರ ಮೇಲಿರಲಿ. ಲಸಿಕೆ ಕಾರ್ಡಿನ ಫೈಲಿನಲ್ಲೇ ಅದನ್ನೂ ಇಡಿ. ಮಗನಿಗೋ ಮಗಳಿಗೋ 18 ತುಂಬಿದಾಗ ಆ ಫೈಲನ್ನು ಅವರ ಕೈಗೆ ಕೊಟ್ಟು, ಯಾವುದಕ್ಕೆ ಒಪ್ಪಿದ್ದೆವು, ಏಕೆ ಒಪ್ಪಿದ್ದೆವು ಎಂದು ಹೇಳಿ. ಮುಂದುವರಿಸುವುದೋ ನಿಲ್ಲಿಸುವುದೋ ಅವರೇ ಫೋನ್ ಮಾಡಿ ತಿಳಿಸಲಿ.